ಶಿರಸಿ ಸೀಮೆಯ ಹಿತ್ತಲಲ್ಲಿ ಹುಳುಗಳ ಬೆನ್ನು ಹತ್ತಿ

ಶಿರಸಿಗೆ ಪ್ರವಾಸ ಹೋಗುವವರು ಏನೇನು ನೋಡುತ್ತಾರೆ ಎಂದು ಯಾರನ್ನು ಕೇಳಿದರೂ ಪಟ್ಟಿ ಒಂದೇ. ಮಾರಿಕಾಂಬೆಯ ದೇವಸ್ಥಾನ, ಶಾಲ್ಮಲೆಯ ಸಹಸ್ರಲಿಂಗ, ಸೋಂದೆ, ಬನವಾಸಿ. ಕೈಯಲ್ಲಿ ಇನ್ನೊಂದು ದಿನವಿದ್ದರೆ ಯಾಣ ಇಲ್ಲವೆ ಉಂಚಳ್ಳಿ ಜಲಪಾತ. ಮಳೆ ಸ್ವಲ್ಪ ಹಿಂದೆ ಸರಿಯುವುದೇ ತಡ, ಈ ದಾರಿಗಳಲ್ಲಿ ಕಾರುಗಳ ಸಾಲು. ಆದರೆ ಈ ಸೀಮೆಯ ಒಂದೊಂದು ಮನೆಯ ಹಿಂದೆಯೂ ಯಾರೂ ಬೋರ್ಡು ಹಾಕದ ಪ್ರೇಕ್ಷಣೀಯ ಸ್ಥಳವೊಂದಿದೆ. ಅಡುಗೆಮನೆಯ ಹಿಂಬಾಗಿಲು ತೆರೆದು, ಬಚ್ಚಲ ನೀರು ಹರಿಯುವ ಕಾಲುವೆಯನ್ನು ದಾಟಿದರೆ ಸಾಕು. ಅದೇ ಹಿತ್ತಲು.

ಹಿತ್ತಲೆಂದರೆ ದೊಡ್ಡ ತೋಟವೇನಲ್ಲ. ಒಂದು ಕರಿಬೇವು, ಪಕ್ಕದಲ್ಲೊಂದು ನಿಂಬೆ, ಬೇಲಿಯ ಮೂಲೆಯಲ್ಲಿ ಹಳೆಯ ಹೇರಳೆ ಮರ. ದೇವರ ಪೂಜೆಗೆಂದು ನಂದಿಬಟ್ಟಲು, ಕಣಗಿಲೆ, ದಾಸವಾಳ. ನಾಲ್ಕು ಮಡಿ ಅರಿಶಿನ, ಬಚ್ಚಲ ನೀರು ಕುಡಿದು ಸೊಕ್ಕಿದ ಕೆಸು, ಹತ್ತು ಬುಡ ಬಾಳೆ. ಮನೆಯವರ ಲೆಕ್ಕದಲ್ಲಿ ಇವೆಲ್ಲ ಒಗ್ಗರಣೆ, ಹೂವು, ಊಟದ ಎಲೆ. ಚಿಟ್ಟೆಯ ಲೆಕ್ಕ ಬೇರೆ. ಅದು ಹೂವಿನಿಂದ ಹೂವಿಗೆ ಹಾರಿ ಯಾವುದಾದರೂ ಮಕರಂದ ಕುಡಿದೀತು. ಮೊಟ್ಟೆ ಇಡುವ ಹೊತ್ತು ಬಂದಾಗ ಮಾತ್ರ ಮಹಾ ಮಡಿವಂತ. ಎಲೆಯ ಮೇಲೆ ಕುಳಿತು ಮುಂಗಾಲಿನಿಂದ ತಟ್ಟಿ ತಟ್ಟಿ ರುಚಿ ನೋಡುತ್ತದೆ. ಹೌದು, ಚಿಟ್ಟೆಗೆ ಕಾಲಿನಲ್ಲೂ ರುಚಿ ತಿಳಿಯುತ್ತದೆ. ತನ್ನ ಮರಿ ತಿನ್ನಬಲ್ಲ ಗಿಡವೇ ಎಂದು ಖಾತ್ರಿಯಾದ ಮೇಲೆಯೇ ಮೊಟ್ಟೆ.

ನಿಂಬೆ, ಹೇರಳೆ, ಕರಿಬೇವು ಮೂರೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು. ಹಾಗಾಗಿ ಮೂರಕ್ಕೂ ನೆಂಟರು ಅವರೇ: ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್. ನಂದಿಬಟ್ಟಲಿಗೂ ಕಣಗಿಲೆಗೂ ಒಂದು ದೊಡ್ಡ ಹಸಿರು ಪತಂಗ ಬರುತ್ತದೆ. ಅರಿಶಿನದ ಎಲೆಯನ್ನು ಮಡಚಿ ಒಳಗೆ ಕೂರುವ ಹುಳು ಗ್ರಾಸ್ ಡೆಮನ್ ಎಂಬ ಚಿಕ್ಕ ಚಿಟ್ಟೆಯದು. ದಾಲ್ಚಿನ್ನಿ ಇದ್ದರೆ ನೀಲಿ ಪಟ್ಟೆಯ ಬ್ಲೂಬಾಟಲ್. ರಸ್ತೆ ಬದಿಯ ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್. ಬೇಲಿಯಲ್ಲಿ ಈಶ್ವರಬಳ್ಳಿ ಹಬ್ಬಿದ್ದರೆ ಅದೃಷ್ಟವಂತರು ನೀವು. ನಮ್ಮ ರಾಜ್ಯದ ಚಿಟ್ಟೆ ಎಂಬ ಗೌರವ ಪಡೆದ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಾಗುವ ಸದರ್ನ್ ಬರ್ಡ್‌ವಿಂಗ್ ಹುಡುಕಿಕೊಂಡು ಬರುವುದು ಆ ಬಳ್ಳಿಯನ್ನೇ.

ಹುಳುವಿನ ಫೋಟೋ ತೆಗೆಯಬೇಕೆನ್ನುವವರು ಮೊದಲು ಕ್ಯಾಮೆರಾ ಅಂಗಡಿಗೆ ಹೋಗುತ್ತಾರೆ. ಹೋಗಬೇಕಾದದ್ದು ಮನೆಯ ಹಿರಿಯ ಹೆಂಗಸರ ಬಳಿಗೆ. ಕಳೆದ ಸೆಪ್ಟೆಂಬರಿನಲ್ಲಿ ಶಿರಸಿ ಬಳಿಯ ಹಳ್ಳಿಯಲ್ಲಿರುವ ಅಕ್ಕನ ಮನೆಯಲ್ಲಿ ಎಂಟು ದಿನ ಉಳಿದಿದ್ದೆ. ಅಕ್ಕನ ಅತ್ತೆಯವರಿಗೆ ಒಂದು ಚಿಟ್ಟೆಯ ಹೆಸರೂ ಗೊತ್ತಿಲ್ಲ. ಆದರೆ ಯಾವ ಗಿಡಕ್ಕೆ ಯಾವ ತಿಂಗಳಲ್ಲಿ ಎಂಥ ಹುಳು ಬೀಳುತ್ತದೆ, ಯಾವುದು ಮುಟ್ಟಿದರೆ ಉರಿ, ಯಾವುದು ಪಾಪದ್ದು ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಐವತ್ತು ವರ್ಷ ದಿನಾ ಬೆಳಿಗ್ಗೆ ಹೂ ಕೊಯ್ದವರ ಜ್ಞಾನ ಅದು.

ನನ್ನ ಜೊತೆಗಾರ್ತಿ ಅಕ್ಕನ ಮಗಳು, 9ನೇ ತರಗತಿ. ಮೊದಲ ಬೆಳಿಗ್ಗೆಯೇ ನಿಂಬೆ ಗಿಡದ ಹತ್ತಿರದಿಂದ ಅವಳ ಕೂಗು: “ಮಾವಾ, ಹಿಕ್ಕೆ ಹಂದಾಡ್ತಾ ಇದ್ದು, ಬಾ ಇಲ್ಲಿ!” ಎಲೆಯ ಮೇಲೆ ಕಂದು ಬಿಳಿ ಬೆರೆತ, ಹಸಿಹಸಿಯಾಗಿ ಹೊಳೆಯುವ ಹಕ್ಕಿಯ ಹಿಕ್ಕೆ. ನಿಜಕ್ಕೂ ಅದು ಚಲಿಸುತ್ತಿತ್ತು. ನಿಂಬೆ ಚಿಟ್ಟೆಯ ಮರಿಹುಳುವಿನ ಉಪಾಯ ಇದು. ಹುಳು ಹುಡುಕುವ ಹಕ್ಕಿ ತನ್ನದೇ ಜಾತಿಯ ಹೊಲಸನ್ನು ಯಾಕೆ ಕುಕ್ಕೀತು? ಮೊಟ್ಟೆಯೊಡೆದಾಗಿನಿಂದ ನಾಲ್ಕು ಬಾರಿ ಪೊರೆ ಕಳಚುವ ಈ ಹುಳು ಕೊನೆಯ ಬಾರಿ ಕಳಚಿದಾಗ ಒಮ್ಮೆಲೇ ವೇಷ ಬದಲಿಸುತ್ತದೆ. ಹಿಕ್ಕೆಯ ಗಾತ್ರ ಮೀರಿ ಬೆಳೆದ ಮೇಲೆ ಆ ಸುಳ್ಳು ನಡೆಯದಲ್ಲ! ಎಲೆಯ ಹಸಿರು, ಓರೆಯಾಗಿ ಕಂದು ಪಟ್ಟೆ, ಉಬ್ಬಿದ ಹೆಗಲಿನ ಮೇಲೆ ಕಣ್ಣಿನಂಥ ಚುಕ್ಕೆ. ಅದು ಕಣ್ಣಲ್ಲ ಅನ್ನಿ. ನಿಜವಾದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಆರಾರು, ಸಾಸಿವೆಗಿಂತ ಚಿಕ್ಕವು. ಬೆಳಕು ನೆರಳು ತಿಳಿಯುವಷ್ಟಕ್ಕೆ ಸಾಕು.

ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ಇನ್ನೊಂದು ಆಟ ನಡೆಯುತ್ತದೆ. ತಲೆಯ ಹಿಂದಿನಿಂದ ಹಾವಿನ ನಾಲಿಗೆಯಂತೆ ಕವಲೊಡೆದ ಮೆತ್ತನೆಯ ಕೊಂಬು ಹೊರಗೆ ಚಾಚುತ್ತದೆ, ಜೊತೆಗೆ ಕಮಟು ವಾಸನೆ. ಕಾಮನ್ ಮಾರ್ಮನ್ ಹುಳುವಿನದಾದರೆ ಕಡುಗೆಂಪು. ಈ ಕೊಂಬಿನ ಫೋಟೋಕ್ಕಾಗಿ ಹುಳುವನ್ನು ಮತ್ತೆ ಮತ್ತೆ ಚುಚ್ಚುವವರಿದ್ದಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಒಮ್ಮೆ ಸಾಕು, ಫೋಟೋ ಬರಲಿಲ್ಲವೋ, ಇರುವೆಯೋ ಕಣಜವೋ ತಾನಾಗಿ ಬಂದು ಕೆಣಕುವ ತನಕ ಕಾಯಬೇಕು.

ಭಾವನ ಗಿಡಗಳು

ಇಲ್ಲಿಯವರೆಗೆ ಎಲ್ಲ ಚೆಂದವೇ. ತೊಡಕು ಶುರುವಾದದ್ದು ಕೊಟ್ಟಿಗೆಯ ಪಕ್ಕದಲ್ಲಿ. ಅಡಿಕೆ ಒಂದನ್ನೇ ನಂಬಿ ಕೂರಲಾಗದೆ ಭಾವ ಎರಡು ವರ್ಷದಿಂದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ನಿಂಬೆ ಸಸಿ ಬೆಳೆಸಿ ಮಾರುತ್ತಾರೆ. ಆ ಹೊತ್ತಿಗೆ ಮುನ್ನೂರರಷ್ಟು ಸಸಿಗಳಿದ್ದವು. ಒಂದೊಂದರಲ್ಲೂ ಇಪ್ಪತ್ತೋ ಮೂವತ್ತೋ ಎಲೆ. ದೊಡ್ಡ ಮರದಲ್ಲಾದರೆ ಹತ್ತು ಹುಳು ಮೇದರೂ ಗೊತ್ತಾಗುವುದಿಲ್ಲ. ಗೇಣುದ್ದದ ಸಸಿಯನ್ನು ಬೋಳಿಸಲು ಎರಡು ಹುಳು ಧಾರಾಳ. ನಿಂಬೆ ಚಿಟ್ಟೆಯನ್ನು ಕೃಷಿ ಪುಸ್ತಕಗಳು ನರ್ಸರಿಯ ದೊಡ್ಡ ಕೀಟವೆಂದು ಬರೆಯುವುದು ಸುಮ್ಮನೆ ಅಲ್ಲ. ನಾನು ಹೋಗುವ ಮೊದಲೇ ಹದಿನೈದಿಪ್ಪತ್ತು ಸಸಿಗಳು ಕಡ್ಡಿಯಾಗಿದ್ದವು. ಪೇಟೆಯಿಂದ ತಂದ ಔಷಧದ ಬಾಟಲಿ ಪಂಪಿನ ಪಕ್ಕದಲ್ಲಿ ಸಿದ್ಧವಾಗಿತ್ತು.

ಮಗಳು ಹೊಡೆಯಬೇಡಿ ಎಂದಳು. ಭಾವ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, “ಭಾವಾ, ನಿನ್ನ ಚಿಟ್ಟೆ ಚಂದ ಹೌದು. ನನ್ನ ಗಿಡದ ದುಡ್ಡು ಯಾರು ಕೊಡ್ತ?” ಎಂದರು. ಪೇಟೆಯಲ್ಲಿದ್ದುಕೊಂಡು ಪರಿಸರದ ಮಾತಾಡುವ ನನ್ನಂಥವರು ಈ ಪ್ರಶ್ನೆಯನ್ನು ಆಗಾಗ ಕೇಳಿಸಿಕೊಳ್ಳುವುದು ಒಳ್ಳೆಯದು. ಅವರ ಮಾತು ನ್ಯಾಯವಾಗಿಯೇ ಇತ್ತು.

ದಾರಿ ತೋರಿಸಿದ್ದು ಫೋಟೋಗಳೇ. ಮೂರು ದಿನದಿಂದ ಒಂದೇ ಹುಳುವಿನ ಪಕ್ಕ ಸ್ಕೇಲು ಹಿಡಿದು ಚಿತ್ರ ತೆಗೆಯುತ್ತಿದ್ದೆವು. ಅವನ್ನು ಸಾಲಾಗಿ ಇಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಹಿಕ್ಕೆಯ ವೇಷದಲ್ಲಿರುವ ತನಕ ಹುಳು ತಿನ್ನುವುದು ಅತ್ಯಲ್ಪ. ಇಡೀ ಬಾಳಿನ ಊಟದ ಬಹುಪಾಲನ್ನು ಅದು ಮುಗಿಸುವುದು ಹಸಿರಾದ ಮೇಲಿನ ಕೆಲವೇ ದಿನಗಳಲ್ಲಿ. ಹಾಗಾದರೆ ಹಿಕ್ಕೆಯಾಗಿರುವಾಗಲೇ ಹುಡುಕಿ ತೆಗೆದರೆ ಸಸಿಗೆ ಹಾನಿ ಇಲ್ಲ. ಸಣ್ಣ ನರ್ಸರಿಗೆ ಕೈಯಿಂದ ಆರಿಸಿ ತೆಗೆಯಿರಿ ಎಂದು ಕೃಷಿ ತಜ್ಞರು ಹೇಳುವುದೂ ಇದನ್ನೇ. ಅವರು ಆರಿಸಿ ಕೊಲ್ಲಿ ಎನ್ನುತ್ತಾರೆ. ನಮ್ಮಲ್ಲಿ ಮೂಲೆಯ ಹೇರಳೆ ಮರ ಇತ್ತು.

ಭಾವ ಒಪ್ಪಿದರು, ಷರತ್ತಿನೊಂದಿಗೆ. ಇನ್ನೊಂದು ಸಸಿ ಬೋಳಾದರೆ ಮರುದಿನವೇ ಪಂಪು. ಮರುದಿನದಿಂದ ಶಾಲೆಯ ಬಸ್ಸಿಗೆ ಮುಂಚೆ ಅರ್ಧ ತಾಸು ಹುಡುಕಾಟ. ಹುಳುವನ್ನು ಚಿಮುಟದಿಂದ ಎತ್ತಬಾರದು, ಎಲೆಯ ಸಮೇತ ಚಿವುಟಿ ಹೇರಳೆಯ ರೆಂಬೆಗೆ ಸಿಕ್ಕಿಸಬೇಕು. ಮೊದಲ ಮೂರು ದಿನಕ್ಕೆ ಅರವತ್ತರ ಮೇಲೆ ಹುಳುಗಳು ವಲಸೆ ಹೋದವು.

ಮಣೆ, ಪಂಚೆ ಮತ್ತು ಬಟ್ಟೆಯ ಕ್ಲಿಪ್ಪು

ಸಲಕರಣೆಯ ಮಾತು ಬಂದೇ ಬರುತ್ತದೆ, ಹೇಳಿಬಿಡುತ್ತೇನೆ. ನನ್ನ ಬಳಿ 100 ಎಂ.ಎಂ. ಮ್ಯಾಕ್ರೋ ಲೆನ್ಸಿನ ಕ್ಯಾಮೆರಾ ಇತ್ತು; ಹುಡುಗಿಯ ಬಳಿ ಅವಳಪ್ಪನ ಮೊಬೈಲು ಮತ್ತು ಅದಕ್ಕೆ ಸಿಕ್ಕಿಸುವ, ಕೆಲವೇ ನೂರು ರೂಪಾಯಿಯ ಪುಟ್ಟ ಲೆನ್ಸು. ಎಂಟು ದಿನದ ಕೊನೆಗೆ ನೋಡಿದರೆ ಒಳ್ಳೆಯ ಚಿತ್ರಗಳಲ್ಲಿ ಅರ್ಧ ಅವಳವು. ರೀಲಿನ ಕಾಲದಲ್ಲಿ 36 ಫೋಟೋ ಮುಗಿಸಿ, ತೊಳೆಸಿ, ಪ್ರಿಂಟು ಬರುವ ತನಕ ವಾರ ಕಾದು, ಎಲ್ಲವೂ ಮಸುಕೆಂದು ತಿಳಿಯುವ ಸುಖ ನಮಗಿತ್ತು. ಈಗಿನ ಮಕ್ಕಳಿಗೆ ಆ ನಷ್ಟವಿಲ್ಲ.

ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಬೀಳುವ ಪದರ ಬಹಳ ತೆಳು, ಕೆಲವೊಮ್ಮೆ ಒಂದೆರಡು ಮಿಲಿಮೀಟರ್ ಮಾತ್ರ. ಮೇಲಿನಿಂದ ಓರೆಯಾಗಿ ತೆಗೆದರೆ ತಲೆ ಸ್ಪಷ್ಟ, ಬಾಲ ಮಂಜು. ಆದ್ದರಿಂದ ಕ್ಯಾಮೆರಾವನ್ನು ಹುಳುವಿನ ಮೈಗೆ ಸಮಾನಾಂತರವಾಗಿ ಹಿಡಿಯಬೇಕು. ಅದಕ್ಕೆ ನೀವೂ ಹುಳುವಿನ ಮಟ್ಟಕ್ಕೆ ಇಳಿಯಬೇಕು. ಅಡುಗೆಮನೆಯ ಮಣೆ ತಂದು ಕೂತು, ಮೊಣಕೈಯನ್ನು ಮಂಡಿಗೆ ಊರಿದರೆ ಕೈ ನಡುಗುವುದಿಲ್ಲ. ಗಾಳಿಗೆ ರೆಂಬೆ ಅಲ್ಲಾಡುತ್ತದೆಯೇ? ಪಕ್ಕದಲ್ಲಿ ಒಂದು ಕೋಲು ನೆಟ್ಟು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ರೆಂಬೆಯನ್ನು ಅದಕ್ಕೆ ಹಿಡಿಸಿ. ಬಿಸಿಲಿನಲ್ಲಿ ಹುಳುವಿನ ನುಣುಪು ಮೈ ಹೊಳೆದು ಬಣ್ಣವೇ ಹಾರಿಹೋಗುತ್ತದೆ. ಭಾವನ ಹಳೆಯ ಬಿಳಿ ಪಂಚೆಯನ್ನು ಎರಡು ಕಡ್ಡಿಗೆ ಕಟ್ಟಿ ಮೇಲೆ ಹಿಡಿದೆವು. ಪೇಟೆಯಲ್ಲಿ ಸಾವಿರಾರು ರೂಪಾಯಿ ಕೊಟ್ಟು ತರುವ ಸಾಧನ ಮಾಡುವುದೂ ಇದೇ ಕೆಲಸವನ್ನು. ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಇದರ ಅಗತ್ಯವೂ ಬೀಳುವುದಿಲ್ಲ.

ಇನ್ನು ಹುಡುಕುವುದು. ಎಲೆಗಳ ಮೇಲೆ ಕಣ್ಣು ಹಾಯಿಸುತ್ತಾ ಹೋದರೆ ಹುಳು ಸಿಗದು. ನೆಲ ನೋಡಿ. ಕರಿಮೆಣಸಿನ ಕಾಳಿನಂಥ ಹೊಸ ಹಿಕ್ಕೆಗಳು ಬಿದ್ದಿದ್ದರೆ ಅದರ ನೇರ ಮೇಲೆ ಹುಳು ಇದ್ದೇ ಇರುತ್ತದೆ. ನಂದಿಬಟ್ಟಲಿನ ಬುಡದಲ್ಲಿ ಹೀಗೆ ದಪ್ಪ ಹಿಕ್ಕೆ ಕಂಡು ತಲೆಯೆತ್ತಿದಾಗಲೇ ನಮಗೆ ಆ ದೊಡ್ಡ ಪತಂಗದ ಹುಳು ಕಂಡದ್ದು. ಬೆರಳಿನಷ್ಟು ದಪ್ಪ, ಹಸಿರು ಮೈ, ಬಾಲದಲ್ಲಿ ಹಳದಿ ಕೊಂಬು. ಮುಟ್ಟಿದಾಗ ತಲೆಯನ್ನು ಒಳಗೆಳೆದು ಕತ್ತು ಉಬ್ಬಿಸಿತು ನೋಡಿ, ಎರಡು ದೊಡ್ಡ ನೀಲಿ ಕಣ್ಣುಗಳು ತೆರೆದಂತಾದವು! ಕಣಗಿಲೆಯಂಥ ವಿಷದ ಗಿಡ ತಿಂದು ಬೆಳೆಯುವ ಈ ಹುಳು ಕೋಶವಾಗುವ ಮುನ್ನ ಕಂದು ಬಣ್ಣಕ್ಕೆ ತಿರುಗಿ ನೆಲಕ್ಕಿಳಿಯುತ್ತದೆ. ತರಗೆಲೆಯ ಅಡಿಯಲ್ಲಿ ಅದರ ನಿದ್ರೆ. ಹಿತ್ತಲನ್ನು ದಿನಾ ಕಸಬರಿಗೆಯಿಂದ ನುಣ್ಣಗೆ ಗುಡಿಸುವವರ ಮನೆಯಲ್ಲಿ ಅದಕ್ಕೆ ಜಾಗವಿಲ್ಲ.

ಎಕ್ಕದ ಹುಳು ಇದಕ್ಕೆ ತದ್ವಿರುದ್ಧ. ಕಪ್ಪು, ಬಿಳಿ, ಹಳದಿ ಪಟ್ಟೆ ಬಳಿದುಕೊಂಡು ಎಲೆಯ ನಡುವೆ ರಾಜಾರೋಷವಾಗಿ ಕೂರುತ್ತದೆ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ತುಂಬಿಕೊಂಡಿರುವ ಅದಕ್ಕೆ ಅಡಗುವ ದರ್ದಿಲ್ಲ. ಒಮ್ಮೆ ತಿಂದ ಹಕ್ಕಿ ಆ ಪಟ್ಟೆಗಳನ್ನು ನೆನಪಿಟ್ಟುಕೊಂಡು ಮತ್ತೆ ಬಾಯಿ ಹಾಕುವುದಿಲ್ಲ. ಹೊಸದಾಗಿ ಫೋಟೋ ತೆಗೆಯುವ ಮಕ್ಕಳಿಗೆ ನಾನು ಮೊದಲು ತೋರಿಸುವುದು ಈ ಹುಳುವನ್ನೇ. ಬಣ್ಣ ಇದೆ, ಅವಸರವಿಲ್ಲ, ಬೆಂಗಳೂರಿನ ಖಾಲಿ ಸೈಟಿನಲ್ಲೂ ಸಿಗುತ್ತದೆ. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಮಾತ್ರ ಎಚ್ಚರವಿರಬೇಕು.

ತಂದೆತಾಯಿಯರಿಗೆ ಇನ್ನೊಂದು ಎಚ್ಚರಿಕೆ. ರೋಮವಿರುವ ಕಂಬಳಿಹುಳು, ಅಂಟಿದಂತೆ ಜಾರುವ ಮುಳ್ಳುಮುಳ್ಳಿನ ಹಸಿರು ಹುಳು, ಇವನ್ನು ಬರಿಗೈಯಲ್ಲಿ ಮುಟ್ಟಬಾರದು. ಚೆಂದವಿರುವುದೇ ಇವುಗಳ ಅಪಾಯ. ತೆಂಗಿನ ಗರಿಯ ಹಸಿರು ಮುಳ್ಳುಹುಳುವಿನ ಬೆನ್ನಿನ ನೀಲಿ ಗೆರೆಯನ್ನು ಕಂಡರೆ ಯಾವ ಮಗುವಾದರೂ ಕೈ ಚಾಚೀತು. ತಾಗಿದರೆ ಉಜ್ಜಬೇಡಿ. ಅಂಟುಪಟ್ಟಿ ಒತ್ತಿ ಎಳೆದರೆ ರೋಮ ಕಿತ್ತುಬರುತ್ತದೆ, ಆಮೇಲೆ ಸೋಪಿನ ನೀರು. ಕಣ್ಣಿಗೆ ಹೋದರೆ ಮಾತ್ರ ಮನೆಮದ್ದು ಬೇಡ, ವೈದ್ಯರ ಬಳಿಗೇ ಓಡಿ. ಉಂಬಳದ ವಿಷಯ ಹೇಳಬೇಕಾಗಿಲ್ಲ, ಸೆಪ್ಟೆಂಬರಿನಲ್ಲಿ ಅವು ನಿಮ್ಮನ್ನು ತಾವೇ ಹುಡುಕಿಕೊಂಡು ಬರುತ್ತವೆ.

ಅಕ್ಕನ ಚಿಂತೆ ಬೇರೆಯಿತ್ತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇವಳು ಮೊಬೈಲು ಹಿಡಿದು ಹುಳುವಿನ ಹಿಂದೆ! ಅವಳಿಗೆ ನಾನು ಮರಿಯಾ ಸಿಬಿಲ್ಲಾ ಮೆರಿಯನ್ ಎಂಬ ಜರ್ಮನ್ ಹೆಂಗಸಿನ ಕತೆ ಹೇಳಿದೆ. 1647ರಲ್ಲಿ ಹುಟ್ಟಿದವಳು, ಹದಿಮೂರನೆಯ ವಯಸ್ಸಿಗೆ ರೇಷ್ಮೆಹುಳು ಸಾಕಿ ದಿನಾ ಗಮನಿಸಲು ಶುರುಮಾಡಿದಳು. ಹುಳುಗಳು ಕೆಸರಿನಿಂದ, ಕೊಳೆತದ್ದರಿಂದ ತಾವಾಗಿ ಹುಟ್ಟುತ್ತವೆಂದು ಬಹಳ ಮಂದಿ ನಂಬಿದ್ದ ಕಾಲ ಅದು. ಹುಳು, ಅದು ತಿನ್ನುವ ಗಿಡ, ಕೋಶ, ಚಿಟ್ಟೆ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ತೋರಿಸಿದಳು. 1699ರಲ್ಲಿ ಮಗಳನ್ನು ಜೊತೆಗೆ ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದಳು. 1705ರಲ್ಲಿ ಬಂದ ಆಕೆಯ ಪುಸ್ತಕ ಇಂದಿಗೂ ವಿಜ್ಞಾನಿಗಳ ಕೈಯಲ್ಲಿದೆ. ಅಕ್ಕ ಎಲ್ಲ ಕೇಳಿ, “ಅವಳಿಗೆ ಗಣಿತದ ಪರೀಕ್ಷೆ ಇತ್ತಾ?” ಎಂದಳು. ಕೊನೆಗೆ ರಾಜಿಯಾಯಿತು. ಫೋಟೋ ತೆಗೆದಷ್ಟಕ್ಕೇ ನಿಲ್ಲಿಸದೆ ನೋಟುಪುಸ್ತಕದಲ್ಲಿ ದಿನಾಂಕ, ಗಿಡದ ಹೆಸರು, ಉದ್ದ ಬರೆಯಬೇಕು. ಸಂಜೆ ಮೊಬೈಲು ಕಪಾಟಿಗೆ.

ಆ ನೋಟುಪುಸ್ತಕದ ಅತ್ಯುತ್ತಮ ಪುಟ ಹಿತ್ತಲಿನದಲ್ಲ, ಜಗಲಿಯ ಸ್ವಿಚ್ ಬೋರ್ಡಿನದು. ಅದರ ಮೇಲೆ ಕುಂಬಾರ ಹುಳ ಮಣ್ಣಿನ ಗಡಿಗೆ ಕಟ್ಟುತ್ತಿತ್ತು. ಮಣ್ಣಿನ ಉಂಡೆ ತಂದು ತಂದು ಗೋಡೆ ಏರಿಸಿತು. ಆಮೇಲೆ ತಂದದ್ದು ಹಸಿರು ಹುಳುಗಳನ್ನು. ಹುಡುಗಿ ಎಣಿಸಿದಳು, ಒಂದು ಗಡಿಗೆಗೆ ಆರು. ಹುಳುಗಳು ಸತ್ತಿರುವುದಿಲ್ಲ, ಕೊಂಡಿ ಚುಚ್ಚಿದ್ದರಿಂದ ಮರಗಟ್ಟಿರುತ್ತವೆ. ಒಳಗಿನ ಮೊಟ್ಟೆಯ ಜೊತೆಗೆ ಬಾಯಿ ಮುಚ್ಚಿದರೆ, ಹುಟ್ಟುವ ಕಣಜದ ಮರಿಗೆ ಕೆಡದ ಬುತ್ತಿ. ಹೋಗುವುದು ಹುಳು, ಗಡಿಗೆಯೊಡೆದು ಹೊರಗೆ ಬರುವುದು ಕಣಜ. ಇದನ್ನು ಕಂಡ ನಮ್ಮ ಪೂರ್ವಿಕರು, ಭ್ರಮರವನ್ನೇ ಧ್ಯಾನಿಸಿ ಧ್ಯಾನಿಸಿ ಕೀಟ ಭ್ರಮರವಾಯಿತು ಎಂದುಕೊಂಡರು. ಭ್ರಮರ ಕೀಟ ನ್ಯಾಯ ಎಂದು ವೇದಾಂತದಲ್ಲಿ ದೃಷ್ಟಾಂತವೇ ಆಯಿತು. ಅತ್ತೆಯವರಿಗೆ ಮೊಬೈಲಿನಲ್ಲಿ ಚಿತ್ರ ತೋರಿಸಿ ನಿಜಸಂಗತಿ ಹೇಳಿದಾಗ ಕ್ಷಣ ಸುಮ್ಮನಿದ್ದು, “ಹಂಗಾದ್ರೆ ಆ ಹುಳುವಿನ ಧ್ಯಾನ ಎಂಥದಿತ್ತೋ ಪಾಪ” ಎಂದರು.

ಹೇರಳೆ ಮರದ ಕತೆಗೆ ಬರುತ್ತೇನೆ. ಎಂಟು ದಿನದಲ್ಲಿ ಭಾವನ ಸಸಿಗಳಲ್ಲಿ ಹೊಸದಾಗಿ ಬೋಳಾದದ್ದು ಒಂದೂ ಇಲ್ಲ, ಮೂರರ ತುದಿ ಮಾತ್ರ ಹೋಯಿತು. ಪಂಪು ಇಳಿಯಲಿಲ್ಲ. ಆದರೆ ಅಲ್ಲಿಗೆ ಸಾಗಿಸಿದ ಹುಳುಗಳೆಲ್ಲ ಚಿಟ್ಟೆಯಾದವೆಂದು ಯಾರೂ ಭಾವಿಸಬೇಡಿ. ಟುವ್ವಿ ಹಕ್ಕಿಗೂ ಪಿಕಳಾರಕ್ಕೂ ಎರಡೇ ದಿನದಲ್ಲಿ ಸುದ್ದಿ ಮುಟ್ಟಿತು. ಚಗಳಿ ಇರುವೆಗಳ ಸಾಲು ಒಂದು ರೆಂಬೆಯನ್ನೇ ವಶಪಡಿಸಿಕೊಂಡಿತು. ನಾನು ಹೊರಡುವ ದಿನ ನಮಗೆ ಎಣಿಸಲು ಸಿಕ್ಕಿದ್ದು ಹದಿನಾಲ್ಕು ಹುಳು, ನಾಲ್ಕು ಕೋಶ. ಇದನ್ನು ಹುಳು ರಕ್ಷಣೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹಕ್ಕಿಯ ಮರಿಗಳಿಗೆ ಊಟ ಸಿಕ್ಕಿತು, ಹಾಗೂ ಅವು ವಿಷ ತಿನ್ನಲಿಲ್ಲ. ಭಾವ ಇನ್ನೊಂದು ಮಾತನ್ನೂ ಕೇಳಿದರು: ಮಾರ್ಚಿನಲ್ಲಿ ಇವಳಿಗೆ ಪರೀಕ್ಷೆ ಬಂದಾಗ ಬೆಳಿಗ್ಗೆ ಹುಳು ಆರಿಸುವವರು ಯಾರು? ಬಾಟಲಿ ಇನ್ನೂ ಕೊಟ್ಟಿಗೆಯ ಅಟ್ಟದ ಮೇಲೇ ಇದೆ.

ಹೋಗಬೇಕೆನ್ನುವವರಿಗೆ: ಶಿರಸಿ ಸೀಮೆಯಲ್ಲಿ ಜುಲೈ ತಿಂಗಳ ಜಡಿಮಳೆ ಈ ಕೆಲಸಕ್ಕಲ್ಲ. ಆಗಸ್ಟ್ ಕೊನೆಯಿಂದ ನವೆಂಬರ್ ತನಕ ಚಿಗುರೂ ಇರುತ್ತದೆ, ಬಿಸಿಲೂ ಇಣುಕುತ್ತದೆ. ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ, ಕೇಳಿ ಒಪ್ಪಿಗೆ ಪಡೆಯದೆ ಯಾರ ಹಿತ್ತಲಿಗೂ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಬರಲಾಗದವರು ಕುಂಡದಲ್ಲಿ ಒಂದು ಕರಿಬೇವು ಇಟ್ಟುಕೊಳ್ಳಿ, ಮೂರನೆಯ ಮಹಡಿಗೂ ಚಿಟ್ಟೆ ಹುಡುಕಿಕೊಂಡು ಬಂದೀತು.

ಕೋಶವೊಡೆಯುವ ಚಿತ್ರವೊಂದು ಬಾಕಿಯಿತ್ತು. ಹಿಂದಿನ ದಿನ ಕೋಶ ಕಪ್ಪಾಗಿ, ಪೊರೆಯ ಮೂಲಕ ರೆಕ್ಕೆಯ ಚಿತ್ತಾರ ಕಾಣುತ್ತದೆ; ಮರುದಿನ ನಸುಕಿಗೆ ಕಾದು ಕೂರಬೇಕು. ಮೊದಲನೆಯದು ಹುಡುಗಿ ಏಳುವ ಮೊದಲೇ ಹಾರಿಹೋಗಿತ್ತು. ಎರಡನೆಯದನ್ನು ಓತಿಕ್ಯಾತ ನುಂಗಿತು. ಮೂರನೆಯದು ಸಿಕ್ಕಿದೆ, ಸ್ವಲ್ಪ ಮಸುಕು. ಮುದುಡಿದ ರೆಕ್ಕೆಯನ್ನು ಇಳಿಬಿಟ್ಟು ಒಣಗಿಸಿಕೊಳ್ಳುತ್ತಿರುವ ನಿಂಬೆ ಚಿಟ್ಟೆ. ನಾಲ್ಕನೆಯದು ಎಷ್ಟು ದಿನವಾದರೂ ಕಪ್ಪಾಗಲೇ ಇಲ್ಲ. ಒಂದು ಭಾನುವಾರ ಅದರ ಪಕ್ಕದಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು, ಒಳಗಿನಿಂದ ಎಳ್ಳಿಗಿಂತ ಚಿಕ್ಕ ಕಣಜಗಳು ಒಂದರ ಹಿಂದೊಂದು ಹೊರಟವು. ಕೋಶ ಇನ್ನೂ ಮೆತ್ತಗಿದ್ದಾಗಲೇ ಅವುಗಳ ತಾಯಿ ಬಂದು ಮೊಟ್ಟೆ ಚುಚ್ಚಿಟ್ಟಿತ್ತು. ಹುಡುಗಿ ಕಳುಹಿಸಿದ ಆ ಚಿತ್ರ ನನ್ನ ಬಳಿ ಇದೆ. ಚಿಟ್ಟೆಯ ಫೋಟೋಕ್ಕಿಂತ ಅದೇ ಚೆನ್ನಾಗಿ ಬಂದಿದೆ.